ಹತ್ತು ಸೆಕೆಂಡಿನ ಹೊಗೆ

ಮತ್ತೆ ಕರಿಹೊಗೆ, ಕನ್ನಡಿಯಲ್ಲಿ ರಸ್ತೆಯೇ ಇಲ್ಲ, ಹಿಂದೆ ಬರುತ್ತಿರುವ ಸೈಕಲ್ಲಿನವಳು ಬರೀ ಒಂದು ಹಳದಿ ಜಾಕೆಟ್ ಆಗಿಬಿಟ್ಟಿದ್ದಾಳೆ, ಕೆಮ್ಮುತ್ತಿದ್ದಾಳೆ, ಕೆಮ್ಮಲಿ, ಶಾಲೆಯ ಬಸ್ಸು ತಪ್ಪದಿದ್ದರೆ ಈ ಹಾಳು ಡೀಸೆಲ್ ಗಾಡಿಯನ್ನು ಕ್ಲೇಟನ್ನಿನ ರಸ್ತೆಗೆ ಇಳಿಸುತ್ತಿದ್ದೆನೇ ನಾನು, ಐದು ವಾರ ಹೇಮಲತಾ ಆಂಟಿಯ ಮನೆಯ ಹಿಂದೆ ತಾಡಪಾಲಿನಡಿ ಮುಚ್ಚಿಟ್ಟಿದ್ದೆ, ಬಾಡಿಗೆಗೆ ರೂಮು ಕೊಟ್ಟ ಪುಣ್ಯಾತ್ಗಿತ್ತಿ, ಏನೂ ಕೇಳಲಿಲ್ಲ, ಇವತ್ತೊಂದೇ ದಿನ, ಬಿಟ್ಟು ಬಂದರೆ ಹತ್ತು ನಿಮಿಷ, ಯಾರು ನೋಡುತ್ತಾರೆ — ಅಮ್ಮಾ, ಇಟ್ ಸ್ಟಿಂಕ್ಸ್, ಹಿಂದಿನ ಸೀಟಿನಿಂದ ಮಗಳು ನಿಹಾರಿಕಾ, ಏಳು ವರ್ಷದವಳು, ಗ್ಲಾಸ್ ಏರಸ ಪುಟ್ಟಿ, ಐ ಡಿಡ್, ಏರಸ ಅಂದ್ರ ಏರಸಬೇಕು, ಯಾಕೆ ಕೂಗಿದೆನೋ, ಪಾಪ, ಹೊಗೆ ಅವಳದಲ್ಲವಲ್ಲ. ಹೊಗೆ ಅವಳಪ್ಪ ವಿರೂಪಾಕ್ಷನದು, ಗಾಡಿ ಅವನ ಹೆಸರಿನಲ್ಲಿದೆ, ಹೊಗೆ ಸೋಸುವ ಫಿಲ್ಟರ್ ಪದೇ ಪದೇ ಕಟ್ಟಿಕೊಳ್ಳುತ್ತದೆಂದು ಯಾವನೋ ಗ್ಯಾರೇಜಿನವನ ಕೈಯಲ್ಲಿ ಅದನ್ನು ಕೊಯ್ಯಿಸಿ ಬಿಸಾಕಿದವನು ಅವನು, ಇಲ್ಲಿ ಯಾವ ಮಗಾ ನೋಡ್ತಾನ ಬಿಡ ಅಂದಿದ್ದ. ನೋಡಿದರು. ಸಿಡ್ನಿಯ ಎಪ್ಪಿಂಗಿನ ನಮ್ಮ ಫ್ಲಾಟಿಗೆ ಸರ್ಕಾರದ ಕಾಗದ ಬಂತು, ನಿಮ್ಮ ವಾಹನ ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಕಣ್ಣಿಗೆ ಕಾಣುವ ಹೊಗೆ ಬಿಟ್ಟಿದೆ, ಇಂಥ ತಾರೀಖು, ಇಷ್ಟು ಗಂಟೆ, ಇಂಥ ರಸ್ತೆ, ಅವನು ದಂಡದ ಸಾಲು ನೋಡಲೇ ಇಲ್ಲ, ರಸ್ತೆಯ ಹೆಸರು ನೋಡಿದ, ನಾ ನಾರ್ವೆಸ್ಟ್ ಆಫೀಸ್‌ನ್ಯಾಗ ಇದ್ದೆ, ಮಂಗಳವಾರ ಹನ್ನೊಂದಕ್ಕ ನೀ ಪ್ಯಾರಮಟ್ಟಾದಾಗ ಏನ್ ಮಾಡಾಕತ್ತಿದ್ದಿ ನೀಲಾ, ಜ್ವರ ಬಂದು ಮಲಗೀನಿ ಅಂದಿದ್ದಿ, ವಕೀಲರ ಕಡೆ ಹೋಗಿದ್ದೇನ, ಹೌದು, ವಕೀಲರ ಕಡೆಗೇ ಹೋಗಿದ್ದೆ, ಹೇಳುವಷ್ಟರಲ್ಲಿ ಕುಕ್ಕರಿನ ಮುಚ್ಚಳ ಬಾಯಿಯ ಮೇಲೆ, ಹುಬ್ಬಳ್ಳಿಯಿಂದ ಅವನವ್ವ ಹೊತ್ತು ತಂದ ಐದು ಲೀಟರಿನ ಕುಕ್ಕರು, ಎರಡು ಹಲ್ಲು ಸಿಂಕಿನಲ್ಲಿ ಬಿದ್ದವು, ನಳ ಬಿಟ್ಟು ತೊಳಿ, ಮಗಳು ಬರೋ ಹೊತ್ತಾತು ಅಂದ. ತೊಳೆದೆ.

ಅದಾಗಿ ಎರಡು ವಾರಕ್ಕೆ ಹೊರಟೆ, ಟೋಲ್ ರಸ್ತೆ ಹಿಡಿಯಲಿಲ್ಲ, ಟೋಲಿನ ಮೆಸೇಜು ಅವನ ಫೋನಿಗೆ ಹೋಗುತ್ತದೆ, ನನ್ನ ಫೋನು ಕಸದ ಡಬ್ಬಿಗೆ, ನಡುದಾರಿಯ ಆಲ್ಬರಿಯಲ್ಲಿ ನೋಟು ಕೊಟ್ಟು ಡೀಸೆಲ್, ಕ್ಲೇಟನ್ನಿಗೆ ಒಂಬೈನೂರು ಕಿಲೋಮೀಟರು, ನಿಹಾ ನಿದ್ದೆಯಲ್ಲಿ, ನಾನು ಬಾಯೊಳಗಿನ ಖಾಲಿ ಜಾಗವನ್ನು ನಾಲಿಗೆಯಿಂದ ತಡವುತ್ತಾ, ಅವನು ಇನ್ನೂ ಸಿಡ್ನಿಯಲ್ಲೇ ಹುಡುಕುತ್ತಿದ್ದಾನಂತೆ, ಸಿಕ್ಕ ದಿನ ಕೊಯ್ದು ಹಾಕ್ತೀನಿ ಅಂತ ಕನ್ನಡ ಸಂಘದವರೆದುರೇ ಹೇಳಿದನಂತೆ, ಆಂಟಿಯ ಕಿವಿಗೂ ಬಿದ್ದಿದೆ, ಅವನು ಹೇಳಿದ್ದನ್ನು ಮಾಡುವವನು — ಕೆಂಪು. ನಿಲ್ಲಿಸಿದೆ, ಹೊಗೆ ನಿಲ್ಲಲಿಲ್ಲ. ಹಳದಿ ಜಾಕೆಟ್ಟಿನವಳು ಪಕ್ಕಕ್ಕೇ ಬಂದಳು, ಅರವತ್ತು ದಾಟಿದ ಬಿಳಿ ಹೆಂಗಸು, ಕಣ್ಣಲ್ಲಿ ನೀರು, ಗಾಜು ತಟ್ಟುತ್ತಾಳೆ, ಯೂ ಆರ್ ಪಾಯ್ಸನಿಂಗ್ ದಿ ಲಾಟ್ ಆಫ್ ಅಸ್, ಲವ್, ಐ ಕೌಂಟೆಡ್, ದಟ್ಸ್ ವೇ ಓವರ್ ಟೆನ್ ಸೆಕೆಂಡ್ಸ್, ಸಾರಿ ಮೇಡಂ, ಐ ವಿಲ್ ಫಿಕ್ಸ್, ಟುಡೇ ಓನ್ಲಿ ಮೇಡಂ, ಶೂರ್, ಬಟ್ ಐಮ್ ರಿಪೋರ್ಟಿಂಗ್ ಇಟ್, ನಥಿಂಗ್ ಪರ್ಸನಲ್, ಫೋನ್ ತೆಗೆದಳು, ಗಾಡಿಯ ಹಿಂದಕ್ಕೆ ಹೋದಳು, ಬಗ್ಗಿದಳು, ನಂಬರ್ ಪ್ಲೇಟು. ಕಾಗದ. ಎಪ್ಪಿಂಗ್. ಅವನು ಲಕೋಟೆ ಹರಿಯುತ್ತಾನೆ, ಊರಿನ ಹೆಸರು ಓದುತ್ತಾನೆ, ಬೆಳಗಿನ ಎಂಟು ಐವತ್ತು, ಇದು ಮಗಳ ಶಾಲೆಯ ಹೊತ್ತೆಂದು ಅವನಿಗೆ ತಿಳಿಯಲು ಎಷ್ಟು ಹೊತ್ತು ಬೇಕು, ಗೇಟಿನೆದುರು ಕೈಕಟ್ಟಿ ನಿಲ್ಲುತ್ತಾನೆ, ಬಾ ನಿಹಾ ಅನ್ನುತ್ತಾನೆ, ಅವಳು ಹೋಗುತ್ತಾಳೆ, ಆಮೇಲೆ ನಾನು ಬರುತ್ತೇನೆ.

ಇಳಿದದ್ದು ಗೊತ್ತಾಗಲಿಲ್ಲ, ಕೈಯಲ್ಲಿ ನಿಹಾಳ ಸ್ಟೀಲ್ ಬಾಟಲಿ, ತುಂಬಿದ್ದು, ಭಾರ, ಡಿಲೀಟ್ ಇಟ್ ಪ್ಲೀಸ್, ಮೈ ಹಸ್ಬೆಂಡ್, ಯೂ ಡೋಂಟ್ ನೋ, ಕಾಮ್ ಡೌನ್ ಲವ್, ಫೋನನ್ನು ಎದೆಗೆ ಅವಚಿಕೊಂಡಳು, ಬೆರಳ ಮೇಲೆ ಹೊಡೆದೆ, ಬಿಡಲಿಲ್ಲ, ಬಾಯಿಯ ಮೇಲೆ ಹೊಡೆದೆ, ಹಲ್ಲು ಮುರಿಯುವ ಸದ್ದು ನನಗೆ ಗೊತ್ತು, ಒಳಗಿನಿಂದ ಕೇಳಿ ಗೊತ್ತು, ಇದು ಹೊರಗಿನಿಂದ, ಇನ್ನೊಂದು ಹೊಡೆದೆ, ಹಿತವಾಯಿತು, ಸುಳ್ಳು ಯಾಕೆ ಹೇಳಲಿ, ಹಿತವಾಯಿತು, ಸೈಕಲ್ಲಿನ ಮೇಲೆ ಬಿದ್ದಳು, ಹೆಲ್ಮೆಟ್ಟು ಡಾಂಬರಿಗೆ ಬಡಿಯಿತು, ಹಳದಿಯ ಮೇಲೆಲ್ಲ ರಕ್ತ, ಫೋನು ಸಿಕ್ಕಿತು, ಕುಟ್ಟಿದೆ, ಗಾಜು ಅಂಗೈಗೆ ಹೊಕ್ಕಿತು, ಮತ್ತೆ ಕುಟ್ಟಿದೆ, ಯಾರಿಗೆ ಹೇಳ್ತಿ, ಹೇಳ, ಯಾರಿಗೆ ಹೇಳ್ತಿ, ಆ ದನಿ ಅವನದು, ಬರುತ್ತಿರುವುದು ನನ್ನ ಗಂಟಲಿನಿಂದ, ಪ್ಲೀಸ್ ಅನ್ನುತ್ತಿದ್ದಾಳೆ ಮುದುಕಿ, ಪ್ಲೀಸ್, ಮೊಣಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಾಳೆ, ಹಸಿರು ಬಿದ್ದಿದೆ, ಹಾರ್ನು, ಜನ ಇಳಿದು ಬರುತ್ತಿದ್ದಾರೆ, ಐದಾರು ಫೋನು ನನ್ನ ಕಡೆಗೇ ಎದ್ದಿವೆ, ಹೋಗಬೇಕು, ಎಂಜಿನ್ ಓಡುತ್ತಲೇ ಇದೆ, ಬಾಗಿಲು ಎಳೆದೆ, ಬರಲಿಲ್ಲ. ಮುಂದಿನ ಸೀಟಿಗೆ ದಾಟಿ ಬಂದಿದ್ದಾಳೆ ನಿಹಾ, ಅಪ್ಪ ಸಿಟ್ಟಿಗೆದ್ದರೆ ಬಾತ್‌ರೂಮಿಗೆ ಓಡು, ಒಳಗಿನಿಂದ ಲಾಕ್ ಹಾಕಿಕೋ, ಯಾರು ಎಷ್ಟು ಕರೆದರೂ ತೆಗೆಯಬೇಡ, ಕಲಿಸಿದವಳು ನಾನೇ, ತಗಿ ಪುಟ್ಟಿ, ಅಮ್ಮ ಅದೀನಿ, ಓಪನ್ ದಿ ಡೋರ್, ನಿಹಾ, ಅವಳು ನನ್ನ ಕೈ ನೋಡುತ್ತಾಳೆ, ತಲೆಯಾಡಿಸುತ್ತಾಳೆ, ಒಳಗಿನ ಲಾಕ್ ಬಟನ್ನಿನ ಮೇಲೆ ಹೆಬ್ಬೆರಳು, ಒತ್ತಿ ಒತ್ತಿ ಉಗುರು ಬಿಳಿಚಿದೆ, ತಗೀತೀಯೋ ಇಲ್ಲೋ ಎಂದು ಬಾಟಲಿ ಎತ್ತಿದೆ, ಎತ್ತಿದ ಕೈ ಎತ್ತಿದಲ್ಲೇ, ಅವಳು ಕಣ್ಣು ಮುಚ್ಚಿಕೊಂಡಳು, ಬೆರಳು ತೆಗೆಯಲಿಲ್ಲ, ಗಾಜಿನಾಚೆ ಹೆಬ್ಬೆರಳು, ಬಿಳಿ ಉಗುರು, ಹೆಬ್ಬೆರಳು