ಇಲಿಯ ಕೆನ್ನೆಯ ಮಚ್ಚೆ

ನನ್ನ ಗಂಡ ವಾರ್ಸಿಮಿನ್ ಲಾರಿಗಳ ಹಿಂಬದಿಯ ಹಲಗೆಗೆ ಚಿತ್ರ ಬರೆಯುತ್ತಾನೆ. ಹುಲಿ, ಘಟೋತ್ಕಚ, ಕಣ್ಣು ಹೊಡೆಯುವ ವಿಧವೆ, ಡ್ರೈವರು ಕೇಳಿದ್ದೆಲ್ಲ. ಪಟ್ಟಣದ ಗ್ಯಾಲರಿಯವರು ಒಮ್ಮೆ ಇವನನ್ನು ಬಾಗಿಲಲ್ಲೇ ನಿಲ್ಲಿಸಿ ವಾಪಸು ಕಳಿಸಿದ್ದರು. ಅಂದಿನಿಂದ ಇವನದು ಒಂದೇ ಮಾತು.

"ಗ್ಯಾಲರಿಗೆ ಎಷ್ಟು ಜನ ಬರ್ತಾರೆ ಹೇಳು? ನನ್ನ ಲಾರಿ ಹಿಂದೆ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡೋರು ನೋಡದೆ ಎಲ್ಲಿಗೆ ಹೋಗ್ತಾರೆ?"

ಪ್ರತಿ ಚಿತ್ರದ ಕೆಳಗೆ ಹೆಸರು, ಫೋನ್ ನಂಬರು. ಈ ಕಸುಬಿನವರೆಲ್ಲ ಹಾಗೆಯೇ. ಹೊಸ ಗಿರಾಕಿ ಸಿಗುವುದು ಅದರಿಂದಲೇ.

ಗುಂಡಿಬಿದ್ದ ರಸ್ತೆಗಳಿಂದ ರೋಸಿಹೋದ ಕಸ್ದಿ ಎಂಬ ಡ್ರೈವರು ಟಾರು ತಿನ್ನುವ ಇಲಿಯನ್ನು ಬರೆಸಿದ. ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲರೂ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ನನ್ನ ಗಂಡನ ಕೈ ಸುಮ್ಮನಿರಬೇಕಲ್ಲ? ಇಲಿಗೆ ಕರಿ ಟೋಪಿ ತೊಡಿಸಿ, ಎಡಗೆನ್ನೆಗೆ ಮಚ್ಚೆ ಇಟ್ಟ. ನಮ್ಮ ಜಿಲ್ಲೆ ಆಳುವ ಬುಪಾತಿಯ ಕೆನ್ನೆಯಲ್ಲೂ ಅದೇ ಜಾಗದಲ್ಲಿ ಅದೇ ಮಚ್ಚೆ.

ಟ್ರಾಫಿಕ್ಕಿನಲ್ಲಿ ಯಾರೋ ಫೋಟೊ ತೆಗೆದರು. ವಾರದೊಳಗೆ ಇಡೀ ಜಾವಾದ ಫೋನುಗಳಲ್ಲಿ ನಮ್ಮ ಇಲಿ, ಇಲಿಯ ಕೆಳಗೆ ನಮ್ಮ ನಂಬರು. ಅಳಿಸೋಣವೆಂದರೆ ಕಸ್ದಿ ಲಾರಿ ತೆಗೆದುಕೊಂಡು ಸುಮಾತ್ರಾಕ್ಕೆ ಹೋಗಿದ್ದ. ಕಳೆದ ವರ್ಷ ಬುಪಾತಿಯನ್ನು ಅಣಕಿಸಿ ಸೇತುವೆಯ ಗೋಡೆಗೆ ಚಿತ್ರ ಬರೆದವನನ್ನು ಯಾರೋ ಕರೆದೊಯ್ದಿದ್ದರು. ವಾಪಸು ಬಂದವನು ಮತ್ತೆ ಕುಂಚ ಮುಟ್ಟಿಲ್ಲ, ಯಾರ ಮುಖವನ್ನೂ ನೋಡಿ ಮಾತಾಡುವುದಿಲ್ಲ. ಫೋನ್ ಹೊಡೆದುಕೊಂಡಾಗಲೆಲ್ಲ ಎದ್ದು ಹೋಗಿ ಬಾಗಿಲ ಚಿಲಕ ಹಾಕುತ್ತಿದ್ದೆ. ಕೊನೆಗೆ ಅದನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ.

ಅದೇ ದಿನ ಮಧ್ಯಾಹ್ನ ಚರ್ಮದ ಜಾಕೆಟ್ಟಿನವನೊಬ್ಬ ಬಾಗಿಲಿಗೆ ಬಂದ. ವಾರ್ಸಿಮಿನ್ ಅಡುಗೆಮನೆಯ ಪರದೆಯ ಹಿಂದೆ ಸರಿದ.

"ಅಮ್ಮಾ, ಚಿತ್ರ ಬರೆಯೋ ವಾರ್ಸಿಮಿನ್ ಮನೆ ಇದೇನಾ?"

"ಇದೇ, ಸ್ವಾಮಿ. ಆದ್ರೆ ಅವರಿಲ್ಲ. ಕೆಲಸ ಹುಡುಕ್ಕೊಂಡು ಕಲಿಮಂತಾನಿಗೆ ಹೋದ್ರು."

ಅವನು ನಕ್ಕು, ಕರೆಯದಿದ್ದರೂ ಕೂತ. ಭಯಕ್ಕೆ ಏನು ಮಾಡಬೇಕೆಂದು ತೋಚದೆ ಚಹಾ ಕೊಟ್ಟೆ. ಅವನು ಫೋನಿನಲ್ಲಿ ಇಲಿಯನ್ನು ತೋರಿಸಿದ.

"ಕೆಳಗೆ ಹೆಸರು, ನಂಬರು ಯಾರದ್ದು ಬೇಕಾದ್ರೂ ಬರೀಬಹುದು. ಇದು ಅವರದ್ದಲ್ಲ ಅಂತ ನಮಗೆ ಅನ್ನಿಸ್ತು, ಬಿಡಿ. ಆಚೆ ಊರಿನ ಪೇಂಟರ್ ಪಾರ್ಜಿಯೊ ತನ್ನದು ಅಂತಿದ್ದಾನಂತೆ. ಬಾಲ ನೋಡಿ, ಎಷ್ಟು ಚೆನ್ನಾಗಿದೆ. ಪಾರ್ಜಿಯೊ ಬಿಟ್ರೆ ಇನ್ಯಾರ ಕೈಲಾಗುತ್ತೆ?"

ಪರದೆ ಅಲುಗಿತು. ನಾನು ಜೋರಾಗಿ ಕೆಮ್ಮಿದೆ. ಪರದೆಯ ಹಿಂದಿನ ಪುಣ್ಯಾತ್ಮನಿಗೆ ಕೇಳಿಸಲಿಲ್ಲ.

"ಪಾರ್ಜಿಯೊ ಬಾಲ ಬರೆದ್ರೆ ಹಗ್ಗ ಆಗುತ್ತೆ," ಎನ್ನುತ್ತ ವಾರ್ಸಿಮಿನ್ ಹೊರಗೆ ಬಂದ. "ಇದು ನಂದು."

"ಮಚ್ಚೆನೂ?"

"ಮಚ್ಚೆನೂ ನಂದೇ."

ಇವನ ಮುಖ ಅಷ್ಟು ಅರಳಿದ್ದನ್ನು ಮದುವೆಯ ದಿನವೂ ನಾನು ಕಂಡಿರಲಿಲ್ಲ. ಬಂದವನು ಚಹಾ ಪೂರ್ತಿ ಕುಡಿದು ಲೋಟ ಕೆಳಗಿಟ್ಟ.

"ಒಳ್ಳೆ ಕೈ, ಅಣ್ಣ. ಒಂದು ಶರ್ಟ್ ಹಾಕ್ಕೊಂಡು ಬನ್ನಿ. ಗಾಡಿ ತಿರುವಲ್ಲಿ ನಿಂತಿದೆ."

ಒಳಗೆ ಶರ್ಟು ತೊಡುತ್ತ ವಾರ್ಸಿಮಿನ್ ಪಿಸುಗುಟ್ಟಿದ, "ಕೇಳಿಸ್ತಾ? ಒಳ್ಳೆ ಕೈ ಅಂದ್ರು." ಮೇಲಿನ ಗುಂಡಿಯನ್ನು ಕೆಳಗಿನ ತೂತಿಗೆ ಹಾಕುತ್ತಿದ್ದ. ಗುಂಡಿಗಳನ್ನು ನಾನೇ ಹಾಕಿಕೊಟ್ಟೆ.