ಸವತಿಯ ಸದ್ದು

ನಮ್ಮ ಮನೆಯಲ್ಲಿ ಗಂಡ ಹೆಂಡತಿ ಗುಟ್ಟಿನ ಮಾತಾಡಬೇಕೆಂದರೆ ಕಾರಿಗೇ ಹೋಗಬೇಕು. ಅತ್ತೆಗೆ ಮೈಯೆಲ್ಲ ಕಿವಿ. ಕಾರೆಂದರೆ ನಮ್ಮ ಅಪ್ಪಂದಿರ ಕಾಲದ್ದು. ನನ್ನ ಗಂಡ ಅದನ್ನು ಗುಜರಿಯಿಂದ ತಂದು, ಮೈಮುರಿದು ದುಡಿದು ಓಡುವಂತೆ ಮಾಡಿದ್ದರು. ಅದು ರಸ್ತೆಯ ತಿರುವಿಗೆ ಬಂದರೆ ಸಾಕು, ಅತ್ತೆ ಒಳಗಿನಿಂದಲೇ "ಬಂದ್ಳು ನೋಡು ನಿನ್ನ ಸವತಿ" ಎನ್ನುತ್ತಿದ್ದರು. ಅಷ್ಟು ಸದ್ದು.

ಆ ಸದ್ದಿನಲ್ಲೇ ಒಂದು ದಿನ, ಅಕ್ಕನ ಮನೆಯಿಂದ ವಾಪಸು ಬರುವಾಗ ಹೇಳಿದೆ. "ರೀ, ನನಗಿನ್ನು ನಿಮ್ಮ ಜೊತೆ ಇರೋಕಾಗಲ್ಲ. ಅಕ್ಕನ ಮನೆಗೆ ಹೋಗಿಬಿಡ್ತೀನಿ."

"ಏನಂದೆ?" ಎಂದರು. "ಈ ಗಾಡಿ ಸದ್ದಲ್ಲಿ ಏನೂ ಕೇಳಿಸಲ್ಲ ಕಣೇ."

ಎರಡನೇ ಸಲ ಹೇಳಲು ಬಾಯಿ ಬರಲಿಲ್ಲ. ನಮ್ಮಲ್ಲಿ ಹೊಡೆತ ಬಡಿತವಿಲ್ಲ, ಕುಡಿತವಿಲ್ಲ. ಜಗಳವೂ ಎಂದೋ ನಿಂತುಹೋಗಿದೆ. ಎದುರೆದುರು ಕೂತು ಊಟ ಮಾಡುತ್ತೇವೆ, ಉಪ್ಪು ಬೇಕಾದರೆ ಕೇಳುತ್ತೇವೆ. ನನಗೆ ಅಳು ಕೂಡ ಬರುತ್ತಿರಲಿಲ್ಲ. ಅದಕ್ಕೇ ಹೆದರಿದ್ದೆ.

ಮರುದಿನವೇ ಅವರು ಬಾನೆಟ್ ಎತ್ತಿದರು. "ಮೊದಲು ಇದರ ಸದ್ದು ಅಡಗಿಸ್ತೀನಿ. ಆಮೇಲೆ ನಿಧಾನವಾಗಿ ಹೇಳು." ಕೇಳಿಸಿಕೊಳ್ಳುವ ಮನಸ್ಸಾದರೂ ಇದೆಯಲ್ಲ ಎಂದು ನಾನೂ ಕೈಜೋಡಿಸಿದೆ.

ಎಂಜಿನ್ ಕೂರುವ ರಬ್ಬರುಗಳು ಮರದ ತುಂಡಿನಂತೆ ಗಟ್ಟಿಯಾಗಿದ್ದವು, ಹೊಸತು ಹಾಕಿದರು. ಆಮೇಲೆ ಸೈಲೆನ್ಸರ್. ಆಮೇಲೆ ಎಂಜಿನ್ನಿಗೂ ನಮ್ಮ ಕಾಲಿಗೂ ನಡುವಿನ ತಗಡು. ಶೆಡ್ಡಿನ ಬಾಗಿಲು ಮುಚ್ಚಿ, ಅವರು ಬಾನೆಟ್ ಕಡೆಯಿಂದ ಟಾರ್ಚ್ ಬಿಡುತ್ತಿದ್ದರು. ನಾನು ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿ ಮುದುರಿ ಕೂತು, ಬೆಳಕು ತೂರಿದ ಕಡೆಯೆಲ್ಲ ಸೀಮೆಸುಣ್ಣದ ಗುರುತು ಹಾಕುತ್ತಿದ್ದೆ. ಬೆಳಕು ಬರುವ ತೂತಿನಲ್ಲೇ ಸದ್ದೂ ಬರುತ್ತದಂತೆ.

"ಅಲ್ಲೊಂದು ಇದೆಯಾ?"

"ಇದೆ."

"ಅದರ ಕೆಳಗೆ?"

"ಅಲ್ಲೂ ಇದೆ."

ಎಷ್ಟೋ ವರ್ಷಗಳಲ್ಲಿ ನಾವಿಬ್ಬರು ಇಷ್ಟುದ್ದ ಮಾತಾಡಿದ್ದು ಅದೇ ಇರಬೇಕು.

ತೂತು ಮುಚ್ಚಿದ್ದಾಯಿತು, ನೆಲಕ್ಕೆ ಕಂಬಳಿಯಂಥ ದಪ್ಪ ಫೆಲ್ಟ್ ಹಾಸಿದ್ದಾಯಿತು. ಗಾಡಿ ಬಾಗಿಲಿಗೆ ಬಂದು ನಿಂತರೂ ಅತ್ತೆಗೆ ಗೊತ್ತಾಗುತ್ತಿರಲಿಲ್ಲ. ಇವರ ಕೆಲಸ ಮಾತ್ರ ಮುಗಿಯಲೇ ಇಲ್ಲ. ಬಾಗಿಲಲ್ಲಿ ಏನೋ ಕಿರ್ ಅಂತಿದೆ, ಡ್ಯಾಶ್‌ಬೋರ್ಡ್ ಹಿಂದೆ ಏನೋ ಟಿಕ್ ಅಂತಿದೆ. ಕಿವಿಯಿಟ್ಟು ಕೇಳಿದರೂ ನನಗೆ ಏನೂ ಕೇಳಿಸುತ್ತಿರಲಿಲ್ಲ. ಕೊನೆಗೆ ರೇಗಿತು. "ನಿಮ್ಮೊಬ್ಬರ ಕಿವಿಗೆ ಬೀಳೋ ಸದ್ದಿಗೆ ನಾನೇನ್ಮಾಡ್ಲಿ? ನಡೀರಿ, ಓಡಿಸಿ ನೋಡೋಣ."

ಊರ ಹೊರಗಿನ ರಸ್ತೆಗೆ ಬಂದೆವು. ಟೈರು ಉರುಳುವುದು ಕೇಳುತ್ತಿತ್ತು, ಅವರ ಉಸಿರೂ ಕೇಳುತ್ತಿತ್ತು. ಅವತ್ತು ಹೇಳಿದ್ದನ್ನೇ ಮತ್ತೆ ಹೇಳಿದೆ.

ಅವರು ರಸ್ತೆ ನೋಡುತ್ತಲೇ ಇದ್ದರು. "ಅವತ್ತೇ ಕೇಳಿಸಿತ್ತು," ಎಂದರು.

"ಮತ್ತೆ ಇದೆಲ್ಲ ಯಾಕೆ?"

"ಗಾಡಿ ಕೆಲಸ ಮುಗಿಯೋವರೆಗಾದ್ರೂ ಇರ್ತೀಯಲ್ಲ ಅಂತ. ರಬ್ಬರ್ ಹಾಕಿದಾಗ್ಲೇ ಮುಕ್ಕಾಲು ಸದ್ದು ಹೋಗಿತ್ತು. ಆಮೇಲಿಂದೆಲ್ಲ ನಾನೇ ಹುಡುಕ್ಕೊಂಡಿದ್ದು."

ನನಗೆ ಸಿಟ್ಟು ಬರಬೇಕಿತ್ತು, ಇಲ್ಲವೇ ಕರುಳು ಚುರುಕ್ ಎನ್ನಬೇಕಿತ್ತು. ಸ್ವಲ್ಪ ಹೊತ್ತು ಕಾದೆ. ಏನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು ಎನ್ನಿಸಿತು, ಅಷ್ಟೇ.

ರಸ್ತೆ ಕವಲೊಡೆಯುವಲ್ಲಿ ಗಾಡಿ ನಿಧಾನ ಮಾಡಿದರು. ಎಡಕ್ಕೆ ಹೋದರೆ ಸುತ್ತಿಕೊಂಡು ಮತ್ತೆ ನಮ್ಮ ಮನೆ, ಬಲಕ್ಕೆ ಹೋದರೆ ಅಕ್ಕನ ಮನೆ.

"ಯಾವ ಕಡೆ?" ಎಂದು ಕೇಳಿದರು.

"ಬಲಕ್ಕೆ," ಎಂದೆ. ತೀರ ಮೆತ್ತಗೆ ಹೇಳಿದ್ದೆ. ಅವರು ಬಲಕ್ಕೆ ತಿರುಗಿಸಿದರು.