‘ಕೇರ್‌ಲೆಸ್’ ಪದಕ್ಕೊಂದು ಉದಾಹರಣೆ

ಇಂಗ್ಲಿಷಿನವರಷ್ಟು ಜಿಪುಣರನ್ನು ನಾನು ಕಂಡಿಲ್ಲ. ಕಾಳಜಿ, ಚಿಂತೆ, ಆರೈಕೆ, ಜೋಪಾನ, ಉಸ್ತುವಾರಿ ಎಂದು ನಾವು ಬೇರೆ ಬೇರೆ ಪಾತ್ರೆಗಳಲ್ಲಿ ಇಟ್ಟಿದ್ದನ್ನೆಲ್ಲ ಅವರು ‘ಕೇರ್’ ಎಂಬ ಒಂದೇ ಚೊಂಬಿಗೆ ಸುರಿದಿದ್ದಾರೆ. ರೋಗಿಗೆ ಮಾಡುವುದೂ ಕೇರ್, ಮನಸ್ಸನ್ನು ಕೊರೆಯುವುದೂ ಕೇರ್. ಪರರ ಮನೆಯಲ್ಲಿ ಇರುವವನಿಗೆ ಕಾಗದ ಬರೆದರೆ ವಿಳಾಸದಲ್ಲಿ ‘ಕೇರ್ ಆಫ್’. ಅದರ ಬಾಲ ಹಿಡಿದು ಬರುವ ಕೇರ್‌ಫ್ರೀ, ಕೇರ್‌ಫುಲ್, ಕೇರ್‌ಲೆಸ್ ಬೇರೆ. ಇವಕ್ಕೆಲ್ಲ ಕನ್ನಡದ ಅರ್ಥ ಬರೆಯುವುದು ನಿಘಂಟು ಕಚೇರಿಯಲ್ಲಿ ನನ್ನ ಪಾಲಿಗೆ ಬಂದಿತ್ತು.

ಅರ್ಥ ಬರೆದರೆ ಮುಗಿಯುತ್ತಿರಲಿಲ್ಲ. ಪ್ರತಿ ಅರ್ಥಕ್ಕೂ ಒಂದು ಉದಾಹರಣೆ ವಾಕ್ಯ ಬೇಕು, ಅದೂ ಸ್ವಂತದ್ದು. ಬೇರೆ ನಿಘಂಟಿನಿಂದ ಕದ್ದರೆ ಸಂಪಾದಕರು ಪದ ಬರೆದ ಕಾರ್ಡನ್ನೇ ಹರಿದು ಎಸೆಯುತ್ತಿದ್ದರು. ದಿನಕ್ಕೆ ನಲವತ್ತು ವಾಕ್ಯ ಹೊಸೆಯುವವನು ಎಲ್ಲಿಂದ ತಂದಾನು? ಮನೆಯಿಂದಲೇ ತರುತ್ತಾನೆ. ಎದುರು ಮೇಜಿನವನ ಕಾರ್ಡುಗಳಲ್ಲಿ ಮಾವ ಕೆಮ್ಮುತ್ತಿದ್ದ, ಮಾವ ಪೇಪರು ಬಚ್ಚಿಡುತ್ತಿದ್ದ, ಮಾವ ಊರಿಗೆ ಹೊರಡಲು ಒಪ್ಪುತ್ತಿರಲಿಲ್ಲ. ಅವನು ಬಾಯಿಬಿಟ್ಟು ಹೇಳದಿದ್ದರೂ ಅವನ ಮನೆಯ ಗೋಳು ನಮಗೆಲ್ಲ ಬಾಯಿಪಾಠವಾಗಿತ್ತು. ನಾವು ನಗುತ್ತಿದ್ದೆವು.

ಅಚ್ಚಿನ ಕರಡು ಬರುವಷ್ಟರಲ್ಲಿ ವರ್ಷ ದಾಟಿತ್ತು, ನನ್ನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಒಂದಕ್ಕೆ ಆಪರೇಷನ್ ಆಗಿ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಕೂತೆ. ಸಂಪಾದಕರು ಕರಡನ್ನು ಮನೆಗೇ ಕಳಿಸಿದರು. ಓದಿ ಹೇಳುವುದು ಅಕ್ಕನ ಕೆಲಸವಾಯಿತು.

ಹನ್ನೊಂದು ವರ್ಷದ ಹಿಂದೆ ನನ್ನ ಹೆಂಡತಿ ಹಾಸಿಗೆ ಹಿಡಿದಾಗ ನೋಡಿಕೊಳ್ಳಲೆಂದು ಬಂದವಳು ಅಕ್ಕ. ಆ ತಿಂಗಳಲ್ಲೇ ನನ್ನ ಮೂರು ವರ್ಷದ ಮಗಳು ಹಿತ್ತಲಿನ ನೀರಿನ ತೊಟ್ಟಿಗೆ ಬಿದ್ದು ಸತ್ತಳು. ಒಲೆಯ ಮೇಲಿನ ಹಾಲು ಉಕ್ಕೀತೆಂದು ಒಳಗೆ ಓಡಿದೆ, ಬರುವಷ್ಟರಲ್ಲಿ ಹೀಗಾಯಿತು ಎಂದು ಅಕ್ಕ ನನಗೊಬ್ಬನಿಗೇ ಹೇಳಿದಳು. ಹೆಂಡತಿಯೂ ಹೆಚ್ಚು ದಿನ ಉಳಿಯಲಿಲ್ಲ. ನಿನ್ನ ತಪ್ಪೇನಿಲ್ಲ ಅಕ್ಕ ಎಂದು ಅಂದೇ ಹೇಳಿದ್ದೆ, ಮತ್ತೆ ಆ ಮಾತು ಎತ್ತಲಿಲ್ಲ. ಆ ಒಂದು ಮಾತನ್ನು ನೆಚ್ಚಿಕೊಂಡೇ ಅವಳು ಈ ಮನೆಯಲ್ಲಿ ಉಳಿದಿದ್ದಳು. ಅದು ನನಗೆ ಗೊತ್ತಿತ್ತು.

ಮಧ್ಯಾಹ್ನ ಕಿಟಕಿಯ ಪಕ್ಕ ಕೂತು ಓದುತ್ತಿದ್ದಳು. ಕರಡು ಓದುವಾಗ ಚಿಹ್ನೆಗಳನ್ನೂ ಬಾಯಲ್ಲಿ ಹೇಳಬೇಕು. ಅಲ್ಪವಿರಾಮ, ಪೂರ್ಣವಿರಾಮ ಎಂದು ಅವಳು ಹೇಳುವ ಗತ್ತು ತರಕಾರಿಯವನ ಹತ್ತಿರ ಚೌಕಾಸಿ ಮಾಡುವಂತಿರುತ್ತಿತ್ತು.

“ಕೇರ್‌ಫ್ರೀ ಅಂದ್ರೆ ಚಿಂತೆ ಇಲ್ದೋನಂತೆ. ಅಂಥೋನು ಎಲ್ಲಿದಾನೋ?” ಎಂದಳು.

“ನಿಘಂಟಿನೊಳಗೆ ಮಾತ್ರ,” ಎಂದೆ. ಇಬ್ಬರೂ ನಕ್ಕೆವು.

ಆಮೇಲೆ ಅವಳು ಕೇರ್‌ಲೆಸ್‌ಗೆ ಬಂದಳು. “ಕೇರ್‌ಲೆಸ್, ಅಲ್ಪವಿರಾಮ, ಅಲಕ್ಷ್ಯದ, ಅಲ್ಪವಿರಾಮ, ಎಚ್ಚರಗೇಡಿ. ಉದಾಹರಣೆ. ಎಚ್ಚರಗೇಡಿ ಅತ್ತೆ ಹಾಲು ಉಕ್ಕೀತೆಂದು ಒಳಗೆ ಓಡಿ ಮಗುವನ್ನು ತೊಟ್ಟಿಯ ಬಳಿ ಬಿಟ್ಟಳು. ಪೂರ್ಣವಿರಾಮ.”

ಅವಳ ದನಿ ಎಲ್ಲೂ ತಡವರಿಸಲಿಲ್ಲ. ಆ ವಾಕ್ಯ ಬರೆದ ನೆನಪೇ ನನಗಿರಲಿಲ್ಲ. ಸಂಜೆಯೊಳಗೆ ದಿನದ ಲೆಕ್ಕ ಮುಗಿಸುವ ಅವಸರ. ಅಷ್ಟು ವರ್ಷ ಬಾಯಿ ಹಿಡಿದಿಟ್ಟದ್ದನ್ನು ಕೈ ಕಕ್ಕಿಬಿಟ್ಟಿತ್ತು. ನಾನು ಹೇಡಿ, ಮೊದಲು ಬಾಯಿಗೆ ಬಂದದ್ದು ಸುಳ್ಳೇ.

“ಅದು ಎದುರು ಮೇಜಿನವನು ಬರ್ದಿದ್ದು ಅಕ್ಕ. ಹೊಡೆದುಹಾಕು.”

“ಅವನಿಗೆ ಹಾಲಿನ ವಿಷಯ ಯಾರು ಹೇಳಿದ್ರು?”

ಅವಳು ಪೆನ್ಸಿಲ್ ಹುಡುಕುವ ಸದ್ದಾಯಿತು.

“ಹಾಲು ಅನ್ನೋದು ತಪ್ಪು ಕಣೋ, ಅದನ್ನ ತಿದ್ದಬೇಕು. ಒಲೆ ಮೇಲೆ ಹಾಲೇ ಇರ್ಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಕೂತಲ್ಲೇ ನಿದ್ದೆ ಹೋಗಿದ್ದೆ. ನಿನ್ನ ಹೆಂಡ್ತಿ ಪಕ್ಕ ನಾಲ್ಕು ರಾತ್ರಿ ಕಣ್ಣು ಮುಚ್ಚಿರ್ಲಿಲ್ಲ. ನಿದ್ದೆ ಬಂತು ಅಂದ್ರೆ ಯಾರು ಕ್ಷಮಿಸ್ತಾರೆ? ಅದಕ್ಕೆ ಹಾಲು ಅಂದೆ.”

“ಅಕ್ಕ...”

“ತಪ್ಪಿಲ್ಲ ಅಂದ್ಯಲ್ಲ, ನಂಬ್ಕೊಂಡಿದ್ದೆ. ಆಗ್ಲೇ ಬೈದಿದ್ರೆ ಎದ್ದು ಎಲ್ಲಾದ್ರೂ ಹೋಗ್ತಿದ್ದೆ. ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ಲಿ ಹೇಳು.”

ಅವಳು ಅಳಲಿಲ್ಲ. ಪೆನ್ಸಿಲಿನಿಂದ ಗೆರೆ ಎಳೆದ ಸದ್ದು ಕೇಳಿಸಿತು. ಜಾಗ ಖಾಲಿ ಬಿಡೋ ಹಾಗಿಲ್ವಲ್ಲ, ಏನು ಬರೀಲಿ ಎಂದಳು. ಆ ನಾಲ್ಕು ರಾತ್ರಿ ನೀನೆಲ್ಲಿದ್ದೆ ಎಂದು ಮಾತ್ರ ಕೇಳಲಿಲ್ಲ. ಕೆಲಸ ತಲೆಯ ಮೇಲಿದೆ ಎಂದು ಹೇಳಿಕಳಿಸಿ ನಾನು ಕಚೇರಿಯ ಬೆಂಚಿನ ಮೇಲೆ ಮಲಗಿದ್ದೆ. ಕೆಲಸವೇನೂ ಇರಲಿಲ್ಲ. ಹೆಂಡತಿಯ ನರಳಾಟ ಕೇಳಲಾರದೆ ತಪ್ಪಿಸಿಕೊಂಡಿದ್ದೆ. ಆಗಲಾದರೂ ಅದನ್ನು ಹೇಳಬಹುದಿತ್ತು.

“ಏನಾದ್ರೂ ಬರಿ,” ಎಂದೆ. ಬರೆದಳು, ಓದಿ ಹೇಳಲಿಲ್ಲ. ಮುಂದಿನ ಪದ ಓದತೊಡಗಿದಳು.

ಪಟ್ಟಿ ಬಿಚ್ಚಿದ ಮೇಲೆ ಆ ಪುಟ ತೆಗೆದು ನೋಡಿದೆ. ಅಂಚಿನಲ್ಲಿ ಅವಳ ಗುಂಡು ಅಕ್ಷರ: ‘ಎಚ್ಚರಗೇಡಿ ಅತ್ತೆ ನಿದ್ದೆ ಹೋಗಿದ್ದಳು.’ ಕರಡು ಇನ್ನೂ ನನ್ನ ಕೈಯಲ್ಲೇ ಇತ್ತು. ‘ಅತ್ತೆ’ಯನ್ನು ಹೊಡೆದು ‘ಅಪ್ಪ’ ಎಂದು ಬರೆಯಲು ಪೆನ್ಸಿಲ್ ತೆಗೆದುಕೊಂಡೆ. ಅಕ್ಕ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ನಾನು ಬರೆಯಲಿಲ್ಲ. ಅವಳು ಬರೆದಿದ್ದನ್ನೇ ಅಚ್ಚಿಗೆ ಕಳಿಸಿದೆ.